ಕಾಗದದ ಅಜ್ಜಿಯನ್ನು ನಾಲ್ಕನೇ ಸೀಟಿನಲ್ಲಿ ಕೂರಿಸುವ ಬಗೆ

ಮುಂಬಯಿಯಲ್ಲಿ ಕನ್ನಡ ಮಕ್ಕಳಿಗೆ ನಾಟಕ ಕಲಿಸಿದವರೆಲ್ಲ ಆ ನೋಟ್‌ಬುಕ್ಕನ್ನು ನೋಡಿರುತ್ತಾರೆ. ಮಗು ಅದರಲ್ಲಿ ತನ್ನ ಪಾಲಿನ ಕನ್ನಡದ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿರುತ್ತದೆ. ಶಾಲೆಯಲ್ಲಿ ಕಲಿತ ಆ ಲಿಪಿಯಲ್ಲಿ ನಮ್ಮ ಹ್ರಸ್ವ ಎಕಾರಕ್ಕೂ ಒಕಾರಕ್ಕೂ ಜಾಗವಿಲ್ಲ. ಹಾಗಾಗಿ ವಾರ್ಷಿಕೋತ್ಸವದ ದಿನ ರಾಜಕುಮಾರ ಗಂಭೀರವಾಗಿ ರಂಗಕ್ಕೆ ಬಂದು 'ನನ್ನ ಖಡ್ಗ ಕೋಡು' ಎನ್ನುತ್ತಾನೆ. ಸಭೆ ನಗುತ್ತದೆ. ಹುಡುಗನ ಕಿವಿ ಕೆಂಪಾಗುತ್ತದೆ. ಮುಂದಿನ ವರ್ಷ ಅವನು ನಾಟಕಕ್ಕೆ ಬರುವುದಿಲ್ಲ. ಆ ನಗೆಯನ್ನು ನಾನು ಇಂದಿಗೂ ಸಹಿಸಲಾರೆ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಮುಲುಂಡಿನ ಒಂದು ಸೊಸೈಟಿಯ ಸಭಾಗೃಹದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ. ಕೆಲವು ವರ್ಷಗಳಿಂದ ನಾವು ಪ್ರತಿ ವರ್ಷ ಹನ್ನೆರಡು ನಿಮಿಷದ ಒಂದು ಪ್ರಯೋಗವನ್ನು ಮಾತೇ ಇಲ್ಲದೆ ಕಟ್ಟುತ್ತೇವೆ. ಅದರಲ್ಲಿ ಅರ್ಧ ಮೂಕಾಭಿನಯ, ಅರ್ಧ ಗೊಂಬೆಯಾಟ. ಮಕ್ಕಳಿಂದ ಕನ್ನಡವನ್ನು ಬಿಡಿಸುವುದಕ್ಕಾಗಿ ಹೀಗೆ ಮಾಡುತ್ತಿಲ್ಲ. ಮೈಗೆ ಧೈರ್ಯ ಬಂದ ಮಗು ಆಮೇಲೆ ತಾನಾಗಿ ಮಾತಿಗೂ ಬರುತ್ತದೆ, ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ಸಂಘದಲ್ಲೂ ಇದನ್ನು ಮಾಡಬಹುದು. ಸಾಮಾನಿನ ಖರ್ಚು ನಮಗೆ ಐನೂರು ರೂಪಾಯಿ ದಾಟಿಲ್ಲ. ಎಂಟು ಭಾನುವಾರ, ಹನ್ನೊಂದು ಮಕ್ಕಳು, ಒಂದು ಗಟ್ಟಿ ಮೇಜು, ಒಂದು ಬೆಂಚು ಇದ್ದರೆ ಸಾಕು.

ನಮ್ಮ ಕಥೆ ಇಷ್ಟೇ. ಊರಿನಿಂದ ಬಂದ ಅಜ್ಜಿಯೊಬ್ಬಳು ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ ಮೊಮ್ಮಗನ ಮನೆಗೆ ಹೋಗಬೇಕು. ಕೈಯಲ್ಲಿ ಹಲಸಿನ ಹಪ್ಪಳದ ಚೀಲ. ನೂಕುನುಗ್ಗಲಿನಲ್ಲಿ ಎರಡು ಗಾಡಿ ತಪ್ಪಿಹೋಗುತ್ತವೆ. ಮೂರನೆಯದು ಬಂದಾಗ ಒಳಗಿದ್ದವರೇ ಕೈ ಚಾಚಿ ಅವಳನ್ನು ಎಳೆದುಕೊಳ್ಳುತ್ತಾರೆ. ಮೂವರು ಕೂತ ಸೀಟಿನಲ್ಲಿ ಮೂವರೂ ಒಂದೊಂದು ಗೇಣು ಸರಿದು ನಾಲ್ಕನೇ ಸೀಟು ಮಾಡಿಕೊಡುತ್ತಾರೆ. ಅವಳು ಕೂರುತ್ತಾಳೆ, ನಿದ್ದೆ ಹೋಗುತ್ತಾಳೆ. ಅಜ್ಜಿ ಗೊಂಬೆ. ಪ್ರಯಾಣಿಕರು ಮಕ್ಕಳು. ರೈಲು ಎಲ್ಲೂ ಇಲ್ಲ, ಎಂಟು ಮಕ್ಕಳ ಮೈಯಲ್ಲಿ ಮಾತ್ರ ಇದೆ. ನೀವು ಬೇರೆ ಕಥೆ ಆರಿಸಿಕೊಳ್ಳಿ, ಆದರೆ ಸಭೆಯಲ್ಲಿ ಕೂತವರ ಮೈಗೆ ಗೊತ್ತಿರುವ ಕಥೆಯನ್ನೇ ಆರಿಸಿ. ನಾಲ್ಕನೇ ಸೀಟಿಗೆ ಒಮ್ಮೆಯಾದರೂ ಸರಿದು ಜಾಗ ಕೊಡದವರು ಈ ಊರಿನಲ್ಲಿ ಇಲ್ಲ.

'ಒಬ್ಬಳು ಹುಡುಗಿಗೇ ಸೀರೆ ಉಡಿಸಿ, ತಲೆಗೆ ಬಿಳಿ ಪೌಡರು ಹಾಕಿ ಅಜ್ಜಿ ಮಾಡಿದರೆ ಸಾಲದೇ?' ಎಂದು ತಾಯಂದಿರು ಕೇಳುತ್ತಾರೆ. ಸಾಲದು. ಪೌಡರು ಹಾಕಿದ ಹುಡುಗಿಯನ್ನು ನೋಡಿ ಸಭೆ 'ಎಷ್ಟು ಮುದ್ದಾಗಿದೆ' ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಕಾಗದದ ಅಜ್ಜಿಗೆ ತನ್ನದೆಂಬುದು ಏನೂ ಇಲ್ಲ. ಹಿಡಿದ ಮೂವರು ಮಕ್ಕಳ ಗಮನ ಒಂದು ಕ್ಷಣ ಬೇರೆಡೆಗೆ ಹೋದರೂ ಅವಳು ಮುದುಡಿದ ಕಾಗದವಾಗಿಬಿಡುತ್ತಾಳೆ. ನೋಡುವವರಿಗೂ ಅದು ಗೊತ್ತು. ಗೊತ್ತಿದ್ದೇ ಅವರು ತಮ್ಮ ಪಾಲಿನ ಜೀವವನ್ನು ಅವಳಿಗೆ ಕೊಡುತ್ತಾರೆ.

ಇದನ್ನು ನಾನು ಮೊದಲು ಕಂಡದ್ದು ಕುಂದಾಪುರದ ಕಡೆಯ ನಮ್ಮ ಊರಿನಲ್ಲಿ, ದೇವಸ್ಥಾನದ ಅಂಗಳದಲ್ಲಿ, ದೊಡ್ಡಪ್ಪನ ಹೆಗಲ ಮೇಲೆ ಕೂತು. ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಯಕ್ಷಗಾನ ಗೊಂಬೆಯಾಟ. ಅದೇ ಕಿರೀಟ, ಅದೇ ಭಾಗವತಿಕೆ, ಅದೇ ಚೆಂಡೆ, ಆದರೆ ಕುಣಿಯುವುದು ಮರದ ಮೈ. ದಾರ ಕಾಣುತ್ತಿತ್ತು. ಮೊದಲ ಐದು ನಿಮಿಷ ನಾನು ದಾರವನ್ನೇ ನೋಡುತ್ತಿದ್ದೆ. ಆಮೇಲೆ ದಾರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮನೆಗೆ ಹಿಂತಿರುಗುವಾಗ ಆ ಗೊಂಬೆಗೆ ಈಗ ಹಸಿವಾಗಿರುತ್ತದೆಯೇ ಎಂದು ದೊಡ್ಡಪ್ಪನನ್ನು ಕೇಳಿದ್ದೆ. 'ಆಗಿರುತ್ತದೆ ಮಗಳೇ, ಅಷ್ಟು ಕುಣಿದಿದೆಯಲ್ಲ' ಎಂದರು.

ಮುಂಬಯಿಯಿಂದ ಊರಿಗೆ ಹೋಗುವ ಕೊಂಕಣ ರೈಲಿನ ದಾರಿಯಲ್ಲೇ ಕುಡಾಳವೂ ಸಿಗುತ್ತದೆ. ಅದರ ಪಕ್ಕದ ಪಿಂಗುಳಿಯಲ್ಲಿ ಠಾಕರ್ ಸಮುದಾಯದವರು ಸೂತ್ರದ ಗೊಂಬೆ, ತೊಗಲುಗೊಂಬೆ, ಚಿತ್ರ ತೋರಿಸುತ್ತಾ ಕಥೆ ಹೇಳುವ ಚಿತ್ರಕಥಿ ಮೂರನ್ನೂ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿನ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ರಜೆಗೆ ಊರಿಗೆ ಹೋಗುವಾಗ ಮಕ್ಕಳ ಜೊತೆ ಒಂದು ದಿನ ಅಲ್ಲಿ ಇಳಿದು ನೋಡಿ. ಒಂದೇ ಹಳಿಯ ಮೇಲೆ, ಮಹಾರಾಷ್ಟ್ರದಲ್ಲೊಂದು ಕರ್ನಾಟಕದಲ್ಲೊಂದು ಗೊಂಬೆಯೂರು ನಮಗಿದೆ.

ಅಜ್ಜಿಯನ್ನು ಮಾಡುವುದು

ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕುವ ಬ್ರೌನ್ ಪೇಪರಿನ ಎರಡು ಸುರುಳಿ ತನ್ನಿ. ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಅಗ್ಗವಾಗಿ ಸಿಗುತ್ತದೆ. ಅಷ್ಟು ದೂರ ಹೋಗಲಾರದವರಿಗೆ ಬೀದಿಯ ಸ್ಟೇಷನರಿ ಅಂಗಡಿಯೂ ಆಗುತ್ತದೆ. ಪ್ಲಾಸ್ಟಿಕ್ ಲೇಪವಿರುವ ಹೊಳೆಯುವ ಕಾಗದ ಬೇಡ. ಅದು ಮಡಿಕೆಯನ್ನು ಹಿಡಿದುಕೊಳ್ಳುವುದಿಲ್ಲ, ದೀಪ ಬಿದ್ದಾಗ ಮಿಂಚುತ್ತದೆ. ಜೊತೆಗೆ ಒಂದು ಇಂಚಿನ ಮಾಸ್ಕಿಂಗ್ ಟೇಪು, ಹತ್ತಿಯ ದಾರ, ಎರಡು ಹಳೆಯ ಕಾಲುಚೀಲ, ಮೂರು ಹಿಡಿ ಮರಳು.

ಕಾಗದವನ್ನು ಮೊದಲು ಮುದ್ದೆ ಮಾಡಿ, ಬಿಡಿಸಿ, ಮತ್ತೆ ಮುದ್ದೆ ಮಾಡಿ. ಏಳೆಂಟು ಸಲ. ಅವಸರ ಬೇಡ. ಕಾಗದದ ಗರಗರ ಸದ್ದು ಕಡಿಮೆಯಾಗಿ, ಮುಟ್ಟಿದರೆ ಹಳೆಯ ಹತ್ತಿಸೀರೆಯಂತೆ ಮೆತ್ತಗಾಗಬೇಕು. ಈ ಕೆಲಸವನ್ನು ಮಕ್ಕಳಿಂದಲೇ ಮಾಡಿಸಿ. ತಾನು ಹದ ಮಾಡಿದ ಕಾಗದವನ್ನು ಮಗು ಒರಟಾಗಿ ಹಿಡಿಯುವುದಿಲ್ಲ.

ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ತಲೆ. ಅದರ ಮುಂದೆ ಕಾಗದವನ್ನು ಚಿವುಟಿ ಒಂದು ಮೂಗು, ಸ್ವಲ್ಪ ದೊಡ್ಡದೇ ಇರಲಿ. ಕಣ್ಣು, ಬಾಯಿ ಬರೆಯಬೇಡಿ. ಪ್ರತಿ ವರ್ಷ ಇದೇ ವಿಷಯಕ್ಕೆ ಮಕ್ಕಳಿಗೂ ನನಗೂ ಜಗಳ. ಬರೆದ ಮುಖ ಒಂದೇ ಭಾವದಲ್ಲಿ ನಿಂತುಬಿಡುತ್ತದೆ, ನಕ್ಕರೆ ಹನ್ನೆರಡು ನಿಮಿಷವೂ ನಗು. ಬರೀ ಮೂಗಿದ್ದರೆ ಅದು ತಿರುಗಿದ ಕಡೆ ಅಜ್ಜಿ ನೋಡುತ್ತಿದ್ದಾಳೆ ಎಂದು ಹತ್ತನೇ ಸಾಲಿಗೂ ಗೊತ್ತಾಗುತ್ತದೆ. ಮೂಗು ಕೆಳಗೆ ಬಾಗಿದರೆ ದುಃಖ, ಒಂದಿಷ್ಟು ಮೇಲೆದ್ದರೆ ಆಸೆ. ಉಳಿದ ಮುಖವನ್ನು ನೋಡುವವರೇ ಬರೆದುಕೊಳ್ಳುತ್ತಾರೆ.

ಕುತ್ತಿಗೆಯಿಂದ ಕೆಳಗೆ ಒಂದು ಅಡಿ ಉದ್ದದ ಮುಂಡ. ಬೆನ್ನನ್ನು ಮೊದಲೇ ಸ್ವಲ್ಪ ಬಾಗಿಸಿ, ಮುಪ್ಪು ಮೊದಲು ಕಾಣುವುದು ಬೆನ್ನಿನಲ್ಲಿ. ಕೈಗಳಿಗೆ ಕಾಗದವನ್ನು ಹಗ್ಗದಂತೆ ಹೊಸೆದು ಎರಡೂ ಹೆಗಲ ಮೂಲಕ ಅಡ್ಡಲಾಗಿ ತೂರಿಸಿ. ಮೊಣಕೈ, ಮಣಿಕಟ್ಟು ಬರುವಲ್ಲಿ ಟೇಪಿನಿಂದ ಬಿಗಿಯಾಗಿ ಸುತ್ತಿದರೆ ಅಲ್ಲಿ ಕೀಲು ಮಡಚುತ್ತದೆ. ಕಾಲುಗಳಿಗೂ ಹೀಗೆಯೇ. ನಿಂತಾಗ ಅಜ್ಜಿ ಎರಡೂವರೆ ಅಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ದೊಡ್ಡ ಸಭೆಯಲ್ಲಿ ಕಾಣುವುದಿಲ್ಲ, ದೊಡ್ಡದಾದರೆ ಮಕ್ಕಳ ಕೈ ಸೋಲುತ್ತದೆ. ಕಾಲುಚೀಲಗಳನ್ನು ಕತ್ತರಿಸಿ ಸಣ್ಣ ಗಂಟುಗಳಲ್ಲಿ ಮರಳು ತುಂಬಿ ಸೊಂಟದೊಳಗೆ ಒಂದು, ಪಾದಗಳಲ್ಲಿ ಒಂದೊಂದು ಇಡಿ. ತಲೆಯ ಹಿಂದೆ ಲಟ್ಟಣಿಗೆಯ ಹಿಡಿಯಷ್ಟು ದಪ್ಪದ ಒಂದು ಹಿಡಿಕೆ. ಕೊನೆಗೆ ಹೆಗಲಿಗೆ ಹಳೆಯ ಸೀರೆಯ ಒಂದು ತುಂಡು ಸೆರಗಾಗಿ. ನಮ್ಮದು ಹಸಿರು ಅಂಚಿನದು. ಇಡೀ ರಂಗದಲ್ಲಿ ಬಣ್ಣ ಅಷ್ಟೇ ಇರಲಿ, ಕಣ್ಣು ಅಲ್ಲಿಗೇ ಹೋಗುತ್ತದೆ.

ಉಸಿರು

ಅಜ್ಜಿ ಸಿದ್ಧಳಾದ ಮೇಲೂ ಎರಡು ಭಾನುವಾರ ಅವಳನ್ನು ಯಾರ ಕೈಗೂ ಕೊಡಬೇಡಿ. ಪ್ರತಿ ಮಗುವಿಗೆ ಒಂದು ಕರವಸ್ತ್ರ ಕೊಡಿ. ಅದನ್ನು ಮೇಜಿನ ಮೇಲೆ ಗುಪ್ಪೆಯಾಗಿ ಇಟ್ಟು, ನಡುವೆ ಎರಡು ಬೆರಳಿನಿಂದ ಚಿವುಟಿ ಹಿಡಿದು, ತನ್ನ ಉಸಿರಿನ ಜೊತೆ ಒಂದು ಬೆರಳಿನಷ್ಟು ಎತ್ತಿ ಇಳಿಸಬೇಕು. ಉಸಿರು ಒಳಗೆ, ಬಟ್ಟೆ ಮೇಲೆ. ಉಸಿರು ಹೊರಗೆ, ಬಟ್ಟೆ ಕೆಳಗೆ. ಐದು ನಿಮಿಷ. ಮೊದಲ ನಿಮಿಷದಲ್ಲಿ ನಗು, ಎರಡನೆಯದರಲ್ಲಿ ಬೇಸರ, ಮೂರನೆಯದರಲ್ಲಿ ಕೋಣೆ ಸದ್ದಿಲ್ಲದಾಗುತ್ತದೆ. ನಮ್ಮಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ, ಒಂದು ಕಡೆ ಕೂರಲಾರದವನು. ನಾಲ್ಕನೇ ನಿಮಿಷಕ್ಕೆ ಅವನು ಪಿಸುಮಾತಿನಲ್ಲಿ, 'ಆಂಟಿ, ಇದು ಮಲಗಿದೆ, ಎಬ್ಬಿಸಬೇಡಿ' ಎಂದ. ಅವನಿಗೇ ಅಜ್ಜಿಯ ತಲೆಯನ್ನು ಕೊಟ್ಟೆ.

ಲಂಡನ್ನಿನ ನ್ಯಾಷನಲ್ ಥಿಯೇಟರಿನ ರಂಗಕ್ಕೆ 2007ರಲ್ಲಿ ಆಳೆತ್ತರದ ಕುದುರೆಗಳನ್ನು ಮಾಡಿಕೊಟ್ಟ ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ತಂಡದವರು ಗೊಂಬೆಗೆ ಮೊದಲು ಕಲಿಸುವುದು ಉಸಿರಾಟವನ್ನು. ಕುದುರೆಯ ಓಟ, ಕೆನೆತ ಎಲ್ಲ ಆಮೇಲೆ. ಬೆತ್ತದ ಚೌಕಟ್ಟು, ಆಡಿಸುವವರು ಕಣ್ಣಿಗೆ ಕಾಣುತ್ತಲೇ ಇರುತ್ತಾರೆ, ಆದರೂ ನೋಡುವವರಿಗೆ ಕುದುರೆಯೇ ಕುದುರೆ. ನಾವು ಮಾಡುವುದೂ ಅದೇ ಕೆಲಸ, ಖಾಕಿ ಕಾಗದದಲ್ಲಿ.

ಅಜ್ಜಿಗೆ ಮೂವರು ಬೇಕು. ಈ ಪದ್ಧತಿ ಜಪಾನಿನ ಬುನ್ರಾಕು ಗೊಂಬೆಯಾಟದ್ದು. ಅಲ್ಲಿ ಹಿರಿಯನ ಕೈಯಲ್ಲಿ ತಲೆ ಮತ್ತು ಬಲಗೈ, ಎರಡನೆಯವನ ಕೈಯಲ್ಲಿ ಎಡಗೈ, ಮೂರನೆಯವನ ಪಾಲಿಗೆ ಕಾಲು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ, ಆಮೇಲೆ ತಲೆ ಎಂಬ ಮಾತು ಅವರಲ್ಲಿದೆ. ನಮಗಿರುವುದು ಎಂಟು ಭಾನುವಾರ. ಹಾಗಾಗಿ ಆಯ್ಕೆಯಲ್ಲೇ ಎಚ್ಚರ ಬೇಕು. ತಾಳ್ಮೆಯಿಂದ ಕಾಯಬಲ್ಲ ಮಗುವಿಗೆ ತಲೆಯನ್ನು ಕೊಡಿ, ಚೆನ್ನಾಗಿ ನಟಿಸುವ ಮಗುವಿಗೆ ಅಲ್ಲ. ನಟಿಸುವ ಮಗು ಸಭೆಯನ್ನು ನೋಡುತ್ತದೆ. ಎಡಗೈ ಹಿಡಿದವರು ಸೊಂಟವನ್ನೂ ನೋಡಿಕೊಳ್ಳಬೇಕು. ಕಾಲುಗಳನ್ನು ಭರತನಾಟ್ಯವನ್ನೋ ತಬಲವನ್ನೋ ಕಲಿಯುತ್ತಿರುವ ಮಗುವಿಗೆ ಕೊಡಿ. ಪಾದ ಮೇಜಿಗೆ ತಾಗಲೇಬೇಕು. ತೇಲುವ ಪಾದ ಕಂಡ ಕೂಡಲೇ ಅಜ್ಜಿ ಹೋದಳು, ದೆವ್ವ ಬಂತು.

ತಲೆ ಹಿಡಿದವನ ಉಸಿರು ಉಳಿದಿಬ್ಬರಿಗೂ ಕೇಳಿಸಬೇಕು, ಅದೇ ಅವರಿಗೆ ತಾಳ. ಮೂವರ ಕಣ್ಣೂ ಅಜ್ಜಿಯ ತಲೆಯ ಹಿಂಭಾಗದ ಮೇಲೆ ಇರಬೇಕು. ಆಡಿಸುವವರು ಎಲ್ಲಿ ನೋಡುತ್ತಾರೋ ಸಭೆಯೂ ಅಲ್ಲಿಯೇ ನೋಡುತ್ತದೆ. ಮಗು ತನ್ನ ಅಮ್ಮ ಯಾವ ಸಾಲಿನಲ್ಲಿ ಕೂತಿದ್ದಾಳೆ ಎಂದು ಕತ್ತೆತ್ತಿದರೆ ಇನ್ನೂರು ಜನ ಆ ಮಗುವನ್ನು ನೋಡುತ್ತಾರೆ, ಅಜ್ಜಿ ಒಬ್ಬಂಟಿಯಾಗುತ್ತಾಳೆ. ಕಪ್ಪು ಬಟ್ಟೆ, ಮುಖವಾಡ ಹಾಕಿ ಮಕ್ಕಳನ್ನು ಮರೆಮಾಡುವ ಅಗತ್ಯವಿಲ್ಲ. ಅವರು ಅವಳನ್ನು ಅಕ್ಕರೆಯಿಂದ ನೋಡುತ್ತಿರುವುದು ಸಭೆಗೆ ಕಾಣಲಿ. ನನಗೆ ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಆ ಮೂರು ಮುಖಗಳು.

ಇನ್ನು ಚಲನೆಯ ಕ್ರಮ. ಮೊದಲು ಮೂಗು, ಆಮೇಲೆ ಉಸಿರು, ಆಮೇಲೆ ಕೈಕಾಲು. ಒಂದು ಹೊತ್ತಿಗೆ ಒಂದೇ. ಗೊಂಬೆಯನ್ನು ಅಲ್ಲಾಡಿಸುತ್ತಲೇ ಇದ್ದರೆ ಅದಕ್ಕೆ ಜೀವ ಬರುತ್ತದೆ ಎಂದು ಎಲ್ಲ ಮಕ್ಕಳೂ ತಿಳಿದಿರುತ್ತಾರೆ, ಬಹಳ ದೊಡ್ಡವರೂ ತಿಳಿದಿದ್ದಾರೆ. ಅಲ್ಲಾಡುವುದು ಗಾಳಿಗೆ ಸಿಕ್ಕ ಕಾಗದವೂ ಹೌದು. ಅಲ್ಲಾಡದೆ ನಿಂತು, ಉಸಿರಾಡುತ್ತಾ, ಏನನ್ನೋ ನೋಡುವುದು ಜೀವ ಮಾತ್ರ.

ಮೊದಲ ಗಾಡಿ ಬರುವ ಘಳಿಗೆಯನ್ನು ನಾವು ಹೀಗೆ ಕಟ್ಟಿದೆವು. ಅಜ್ಜಿ ಮೇಜಿನ ಮೇಲೆ ನಿಂತು ಚೀಲವನ್ನು ನೋಡುತ್ತಿದ್ದಾಳೆ. ದೂರದಲ್ಲಿ ಸದ್ದು. ಮೂಗು ಚೀಲದಿಂದ ಏಳುತ್ತದೆ, ಆದರೆ ಇನ್ನೂ ತಿರುಗುವುದಿಲ್ಲ. ಉಸಿರು ಒಳಗೆ, ಅಲ್ಲೇ ನಿಲ್ಲುತ್ತದೆ. ಈಗ ಮೂಗು ಬಲಕ್ಕೆ. ಗಾಡಿ ಮುಂದಿನಿಂದ ಹಾದುಹೋಗುವಾಗ ಮೂಗು ಬಲದಿಂದ ಎಡಕ್ಕೆ ಅದರ ಜೊತೆ ಸಾಗುತ್ತದೆ, ಎಡಗೈ ಹಿಡಿದ ಹುಡುಗಿ ಒಂದು ಬೆರಳಿನಿಂದ ಸೆರಗನ್ನು ಹಾರಿಸುತ್ತಾಳೆ. ಬಲಗೈ ಅರ್ಧಕ್ಕೆ ಏಳುತ್ತದೆ, 'ನಿಲ್ಲಿಸಿ' ಎಂಬಂತೆ. ಗಾಡಿ ಹೋಯಿತು. ಕೈ ಅಲ್ಲೇ ಇದೆ. ಆಮೇಲೆ ಉಸಿರು ಹೊರಗೆ, ಹೆಗಲು ಕುಸಿಯುತ್ತದೆ, ಕೊನೆಗೆ ಕೈ ಇಳಿದು ಚೀಲವನ್ನು ಮುಟ್ಟಿ ನೋಡುತ್ತದೆ, ಹಪ್ಪಳ ಪುಡಿಯಾಗಲಿಲ್ಲ ತಾನೇ ಎಂದು. ಇಷ್ಟಕ್ಕೆ ಎರಡು ಭಾನುವಾರ ಬೇಕಾಯಿತು. ಚೀಲ ಮುಟ್ಟುವುದನ್ನು ನಾನು ಹೇಳಿಕೊಟ್ಟದ್ದಲ್ಲ, ತಲೆ ಹಿಡಿದ ಆ ಹುಡುಗನೇ ಒಂದು ದಿನ ತಾನಾಗಿ ಮಾಡಿದ.

ರೈಲು

ಮೂಕಾಭಿನಯ ಎಂದರೆ ಬಿಳಿ ಬಳಿದ ಮುಖ, ಕಾಣದ ಗೋಡೆ ಎಂದು ಜನ ತಿಳಿದಿದ್ದಾರೆ. ಅದು ಫ್ರಾನ್ಸಿನ ಮಾರ್ಸೆಲ್ ಮಾರ್ಸೋ ಜಗತ್ತಿಗೆಲ್ಲ ತೋರಿಸಿದ ರೂಪ. ಅವರ ಬಿಪ್ ಎಂಬ ಪಾತ್ರ ಹುಟ್ಟಿದ್ದು 1947ರಲ್ಲಿ. ನಮಗೆ ಬಿಳಿ ಬಣ್ಣ ಬೇಕಿಲ್ಲ. ನಾಟ್ಯಶಾಸ್ತ್ರ ಹೇಳುವ ನಾಲ್ಕು ಅಭಿನಯಗಳಲ್ಲಿ ಆಂಗಿಕವೇ ಮೊದಲನೆಯದು, ವಾಚಿಕ ಆಮೇಲೆ. ಯಕ್ಷಗಾನದ ವೇಷಧಾರಿ ಇಲ್ಲದ ರಥವನ್ನು ಏರಿ ಇಲ್ಲದ ಕುದುರೆಗಳನ್ನು ಓಡಿಸುವುದನ್ನು ಬೆಳಗಿನ ಜಾವದವರೆಗೆ ನೋಡಿದ ಜನ ನಾವು.

ಕಲಿಸಬೇಕಾದ ಸೂತ್ರ ಒಂದೇ: ವಸ್ತು ನಿಲ್ಲಬೇಕು, ಮೈ ಅದರ ಸುತ್ತ ಚಲಿಸಬೇಕು. ಮಗುವಿಗೆ ಬಲಗೈ ಮೇಲೆತ್ತಿ ಲೋಕಲ್ಲಿನ ಹಿಡಿಕೆಯನ್ನು ಹಿಡಿಯಲು ಹೇಳಿ. ಹಿಡಿಯುವ ಮೊದಲು ಬೆರಳು ಬಿಚ್ಚಿರಬೇಕು, ಹಿಡಿದ ಕ್ಷಣ ಮಣಿಕಟ್ಟಿನಲ್ಲಿ ಸಣ್ಣದೊಂದು ಬಿಗಿ ಕಾಣಬೇಕು. ಆ ಬಿಗಿ ಇಲ್ಲದಿದ್ದರೆ ಹಿಡಿಕೆ ಇಲ್ಲ. ಈಗ ಮುಷ್ಟಿಯನ್ನು ಗಾಳಿಯಲ್ಲಿ ಇದ್ದಲ್ಲೇ ಇಟ್ಟು ಮೈಯನ್ನು ಹಿಂದೆ ಮುಂದೆ ತೂಗಲಿ. ನೀವು ಮಗುವಿನ ಮುಷ್ಟಿಯ ಪಕ್ಕಕ್ಕೆ ನಿಮ್ಮ ಬೆರಳನ್ನು ಹಿಡಿದು ನಿಲ್ಲಿ, ಮುಷ್ಟಿ ಬೆರಳಿನಿಂದ ದೂರ ಸರಿದರೆ ಹೇಳಿ. ಮೊದಲ ದಿನ ಎಲ್ಲರದೂ ಸರಿಯುತ್ತದೆ.

ಮನೆಗೆಲಸವಾಗಿ ಕಾಫಿ ಆರಿಸುವುದನ್ನು ಕೊಡಿ. ಲೋಟ, ಬಟ್ಟಲು ಎರಡೂ ಇಲ್ಲದೆ. ಲೋಟದ ಅಂಚನ್ನು ಹಿಡಿದ ಬೆರಳುಗಳ ನಡುವಿನ ಅಂತರ ಎಲ್ಲೂ ಬದಲಾಗಬಾರದು. ಮೇಲಿನಿಂದ ಸುರಿಯುತ್ತಿದ್ದಂತೆ ಮೇಲಿನ ಕೈ ಹಗುರಾಗಬೇಕು, ಕೆಳಗಿನ ಕೈ ಭಾರವಾಗಬೇಕು. ಇನ್ನು ಬಿಸಿ: ಬಿಸಿಯನ್ನು ಮುಖ ಕಿವಿಚಿ ತೋರಿಸುವ ಮಗುವಿಗೆ ಬೇಡ ಎನ್ನಿ, ಬೆರಳ ತುದಿಯೊಂದೇ ಸರಿದರೆ ಸಾಕು. ಮೂಕಾಭಿನಯ ಕೆಡುವುದು ಯಾವಾಗಲೂ ಹೆಚ್ಚು ಮಾಡಿದ್ದರಿಂದ.

ಇನ್ನು ಎಂಟು ಮಕ್ಕಳು ಸೇರಿ ಒಂದೇ ರೈಲಾಗಬೇಕು. ಹೊರಟಾಗ ಎಲ್ಲರ ಮೈ ಹಿಂದಕ್ಕೆ ವಾಲುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ. ಒಬ್ಬರು ತಪ್ಪಿದರೂ ಬೋಗಿ ಮುರಿದ ಹಾಗೆ. ತಾಳಕ್ಕೆ ಒಂದು ಮಗು ಸ್ಟೀಲ್ ಡಬ್ಬಿಯ ಮೇಲೆ ಚಮಚದಿಂದ ತಟ್ಟಲಿ. ಸಿನಿಮಾ ಹಾಡಿನ ಸಂಗೀತ ಹಾಕಬೇಡಿ, ಅದು ಮಕ್ಕಳ ಕೆಲಸವನ್ನು ನುಂಗಿಬಿಡುತ್ತದೆ. ತಾಲೀಮಿನ ಮೊದಲು ಅವರನ್ನು ನಿಜವಾಗಿ ಒಮ್ಮೆ ಲೋಕಲ್ಲಿನಲ್ಲಿ ಕರೆದುಕೊಂಡು ಹೋಗಿ. ಭಾನುವಾರ ಬೇಡ, ಗರ್ದಿ ಇರುವುದಿಲ್ಲ. ದಿನವೂ ಹತ್ತುವ ಗಾಡಿಯನ್ನು ಮೈ ಹೇಗೆ ನೆನಪಿಟ್ಟುಕೊಂಡಿದೆ ಎಂದು ಗಮನಿಸಲು ಹೇಳಿ: ಕೈಚೀಲ ಎದೆಗೆ ಬರುವುದು, ಮೊಣಕೈ ಒಳಕ್ಕೆ ಸೇರುವುದು, ಇಳಿಯುವ ಸ್ಟೇಷನ್ನಿಗೆ ಎರಡು ನಿಲ್ದಾಣ ಮೊದಲೇ ಪಾದ ಬಾಗಿಲಿನ ಕಡೆ ತಿರುಗುವುದು.

ಸೀಟಿಗೆ ಮಾತ್ರ ನಿಜವಾದ ಬೆಂಚು ಇಡಿ. ಗಾಳಿಯಲ್ಲಿ ಕೂರುವುದನ್ನು ಮಕ್ಕಳಿಂದ ಮಾಡಿಸಬೇಡಿ, ತೊಡೆ ನಡುಗುವುದೇ ಸಭೆಗೆ ಕಾಣುತ್ತದೆ. ಮೂವರು ಕೂತಿದ್ದಾರೆ. ಒಬ್ಬಳ ಕಣ್ಣು ಮೊಬೈಲಿನಲ್ಲಿ, ಒಬ್ಬ ತೂಕಡಿಸುತ್ತಿದ್ದಾನೆ, ಒಬ್ಬ ಕಿಟಕಿಯ ಹೊರಗೆ ನೋಡುತ್ತಿದ್ದಾನೆ. ಅಜ್ಜಿ ಬಂದು ನಿಲ್ಲುತ್ತಾಳೆ, ಏನೂ ಕೇಳುವುದಿಲ್ಲ. ತೂಕಡಿಸುವವನು ಕಣ್ಣು ಬಿಡದೆಯೇ ಸರಿಯಬೇಕು. ಅವನ ಸರಿತ ಎರಡನೆಯವಳಿಗೆ ತಾಗಿ ಅವಳು ಮೊಬೈಲಿನಿಂದ ಕಣ್ಣು ತೆಗೆಯದೆ ಸರಿಯುತ್ತಾಳೆ, ಮೂರನೆಯವನೂ ಕಿಟಕಿಗೆ ಒತ್ತಿಕೊಳ್ಳುತ್ತಾನೆ. ಯಾರೂ ಯಾರನ್ನೂ ನೋಡುವುದಿಲ್ಲ, ಜಾಗ ಆಗುತ್ತದೆ. ಒಂದು ವರ್ಷ ಈ ದೃಶ್ಯಕ್ಕೆ ಬಾಗಿಲಲ್ಲಿ ನಿಂತಿದ್ದ ಕಟ್ಟಡದ ವಾಚ್‌ಮನ್, ಕನ್ನಡದ ಒಂದು ಅಕ್ಷರ ಬಾರದವರು, ತಾವೂ ಅರಿಯದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದನ್ನು ನಾನು ನೋಡಿದೆ.

ಮಳೆ ಬೇಕೆಂದರೆ ನೀಲಿ ತಾಡಪಾಲು ತನ್ನಿ, ಮಳೆಗಾಲದಲ್ಲಿ ಈ ಊರಿನ ಛಾವಣಿಗಳ ಮೇಲೆಲ್ಲ ಹರಡಿಕೊಳ್ಳುವುದು ಅದೇ. ಇಬ್ಬರು ಎರಡು ತುದಿ ಹಿಡಿದು ನಿಧಾನವಾಗಿ ಅಲುಗಿ‌ಸಿದರೆ ನೀರು, ಜೋರಾಗಿ ಅಲುಗಿಸಿದರೆ ಅದರ ಪರಪರ ಸದ್ದೇ ಮಳೆ. ಅಜ್ಜಿಗೆ ಊರು ನೆನಪಾಗುವಲ್ಲಿ ನಾವು ನೆರಳನ್ನು ಬಳಸುತ್ತೇವೆ. ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ, ಹಿಂದಿನಿಂದ ಒಂದೇ ಮೊಬೈಲಿನ ಟಾರ್ಚು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪಾಗುತ್ತದೆ. ಎರಡು ಮೊಬೈಲು ಹಿಡಿದರೆ ಪ್ರತಿ ತೆಂಗಿನಮರವೂ ಎರಡಾಗುತ್ತದೆ. ರಟ್ಟಿನ ಆಕೃತಿ ಪಂಚೆಗೆ ಹತ್ತಿರವಿದ್ದರೆ ಸಣ್ಣ ನೆರಳು, ದೀಪದ ಕಡೆ ಸರಿದರೆ ದೊಡ್ಡದು. ಹಸುವೊಂದು ದೀಪದ ಕಡೆಯಿಂದ ಪಂಚೆಗೆ ಬಂದರೆ ನೆನಪು ದೂರವಾಗುತ್ತಿದೆ ಎಂದು ಯಾರೂ ಹೇಳಬೇಕಿಲ್ಲ. ಈ ಭಾಗ ಮಾಡುವಾಗ ಮಕ್ಕಳಿಗೆ ನಮ್ಮ ತೊಗಲುಗೊಂಬೆಯಾಟದಲ್ಲಿ ನಗಿಸುವ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ವಿಷಯ ಹೇಳಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಪದ್ಮಶ್ರೀ ಬಂದದ್ದನ್ನೂ ಹೇಳಿ. ಬದುಕೆಲ್ಲ ಗೊಂಬೆ ಆಡಿಸಿದ ಅಜ್ಜಿಯೊಬ್ಬಳು ನಿಜವಾಗಿಯೂ ಇದ್ದಾರೆ ಎಂದು ಅವರಿಗೆ ಗೊತ್ತಾಗಲಿ.

ಸಭಾಂಗಣ

ಇಷ್ಟೆಲ್ಲ ಮಾಡಿ ಸಭಾಂಗಣದಲ್ಲಿ ಸೋಲುವುದುಂಟು. ಒಂದು ಸಂಘದ ವಾರ್ಷಿಕೋತ್ಸವದಲ್ಲಿ ನಮ್ಮ ಸರದಿ ಸನ್ಮಾನಗಳ ನಂತರ ಬಂತು. ರಾತ್ರಿ ಹತ್ತೂವರೆ. ಜನ ಗಾಡಿಯ ಹೊತ್ತು ನೋಡಿಕೊಳ್ಳುತ್ತಿದ್ದರು. ಟ್ಯೂಬ್‌ಲೈಟುಗಳ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದ್ದರು, ಕೀಲಿ ಇದ್ದವರು ಊಟಕ್ಕೆ ಹೋಗಿದ್ದರು. ಪೂರ್ತಿ ಬೆಳಕಿನಲ್ಲಿ ಪಂಚೆಯ ಮೇಲೆ ಏನೂ ಕಾಣಲಿಲ್ಲ. ಮಕ್ಕಳು ಅಳಲಿಲ್ಲ, ನಾನು ಮನೆಗೆ ಬಂದು ಅತ್ತೆ. ಅಂದಿನಿಂದ ಮೂರು ಮಾತನ್ನು ಮೊದಲೇ ಕೇಳಿಕೊಳ್ಳುತ್ತೇನೆ: ಸನ್ಮಾನಕ್ಕಿಂತ ಮೊದಲು ಸರದಿ, ದೀಪದ ಸ್ವಿಚ್ಚಿನ ಬಳಿ ನಮ್ಮವರೊಬ್ಬರು, ಹನ್ನೆರಡು ನಿಮಿಷ ಮೈಕ್ ಬಂದ್. ನಮ್ಮದೇ ಎರಡು ಕ್ಲಿಪ್ ದೀಪ ಮತ್ತು ಉದ್ದನೆಯ ವಯರನ್ನೂ ಒಯ್ಯುತ್ತೇವೆ. ಎರಡನ್ನೂ ಪಕ್ಕಗಳಿಂದ ಹಾಕಿ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಕಾಗದದ ಮಡಿಕೆಗಳು ಮಾಯವಾಗುತ್ತವೆ, ಪಕ್ಕದಿಂದ ಬಿದ್ದರೆ ಪ್ರತಿ ಮಡಿಕೆಯೂ ಸುಕ್ಕಾಗುತ್ತದೆ.

ಗಣ್ಯರಿಗೆಂದು ಹಾಕಿದ ಉದ್ದನೆಯ ಮೇಜೇ ಅಜ್ಜಿಯ ಪ್ಲಾಟ್‌ಫಾರ್ಮು. ಹೂದಾನಿ ತೆಗೆದು ಕಪ್ಪು ಬಟ್ಟೆ ಹೊದಿಸಿದರೆ ಆಯಿತು. ಸಾಧ್ಯವಾದರೆ ಮಕ್ಕಳನ್ನು ಮುಂಚೆಯೇ ಒಮ್ಮೆ ಜುಹೂವಿನ ಪೃಥ್ವಿ ಥಿಯೇಟರಿಗೆ ಕರೆದುಕೊಂಡು ಹೋಗಿ ಯಾವುದಾದರೂ ಮಕ್ಕಳ ನಾಟಕ ತೋರಿಸಿ. 1978ರಿಂದ ನಡೆಯುತ್ತಿರುವ ಆ ಪುಟ್ಟ ರಂಗದ ಮೂರು ಕಡೆಯೂ ಜನ ಕೂರುತ್ತಾರೆ. ನಟನ ಉಸಿರು ಕೇಳಿಸುವಷ್ಟು ಹತ್ತಿರ ಕೂತು ನೋಡಿದ ಮಗುವಿಗೆ ನಾನು ಹೇಳುವ ಉಸಿರಿನ ಪಾಠ ಬೇಗ ತಲೆಗೆ ಹೋಗುತ್ತದೆ.

ಮಾರ್ಚ್ 21 ವಿಶ್ವ ಗೊಂಬೆಯಾಟದ ದಿನ, ಮರುದಿನ ಮಾರ್ಸೋ ಅವರ ಹುಟ್ಟುಹಬ್ಬ, ಮೂಕಾಭಿನಯದ ದಿನ. ಆದರೆ ಅದು ಪರೀಕ್ಷೆಯ ಕಾಲ. ನಾವು ಆಗಸ್ಟಿನಲ್ಲಿ ತಾಲೀಮು ಆರಂಭಿಸಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಆಡುತ್ತೇವೆ. ಇದರಲ್ಲೊಂದು ತೊಡಕಿದೆ. ಮುಂಬಯಿಯ ಮಳೆಗಾಲದಲ್ಲಿ ಕಾಗದ ಗಾಳಿಯ ತೇವ ಹೀರಿ ಸೊರಗುತ್ತದೆ, ಟೇಪು ಬಿಡುತ್ತದೆ, ಅಜ್ಜಿಯ ಕತ್ತು ವಾಲುತ್ತದೆ. ಅವಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತಾಳೆ. ತಾಲೀಮಿಗೆ ಒಬ್ಬಳು ಅಜ್ಜಿ, ಪ್ರದರ್ಶನಕ್ಕೆ ಎರಡು ವಾರ ಮೊದಲು ಹೊಸದಾಗಿ ಇನ್ನೊಬ್ಬಳು. ಹಳೆಯ ಅಜ್ಜಿಯ ಮೂಗನ್ನು ಮಾತ್ರ ಕತ್ತರಿಸಿ ಹೊಸಬಳಿಗೆ ಅಂಟಿಸಿ. ತಲೆ ಹಿಡಿಯುವ ಮಗುವಿಗೆ ಆ ಮೂಗಿನ ಪರಿಚಯವಾಗಿರುತ್ತದೆ.

ಕೊನೆಯ ದೃಶ್ಯವನ್ನು ಬೇರೆಯಾಗಿಯೇ ಹತ್ತು ಸಲ ಅಭ್ಯಾಸ ಮಾಡಿ. ಮೊದಲ ವರ್ಷ ಅಜ್ಜಿ ಬೆಂಚಿನ ಮೇಲೆ ನಿದ್ದೆ ಹೋದ ಮೇಲೆ ಮೂವರೂ ಒಟ್ಟಿಗೆ ಕೈಬಿಟ್ಟು ವಂದಿಸಲು ಮುಂದೆ ಬಂದರು. ಅವಳು ಒಮ್ಮೆಗೇ ಕುಸಿದಳು. ಮುಂದಿನ ಸಾಲಿನ ಒಂದು ಪುಟ್ಟ ಮಗು ಕಿರುಚಿ ಅತ್ತಿತು. ಈಗ ಹೀಗೆ ಮಾಡುತ್ತೇವೆ. ಗಾಡಿಯ ತೂಗಾಟದಲ್ಲಿ ಅಜ್ಜಿಯ ತಲೆ ಪಕ್ಕದವನ ಹೆಗಲಿಗೆ ಒರಗುತ್ತದೆ. ಕಾಲು ಹಿಡಿದವಳು ಪಾದಗಳನ್ನು ಜೋಡಿಸಿಟ್ಟು ಹಿಂದೆ ಸರಿಯುತ್ತಾಳೆ. ಎಡಗೈ ಹಿಡಿದವಳು ಆ ಕೈಯನ್ನು ಚೀಲದ ಮೇಲೆ ಇಟ್ಟು, ಸೆರಗು ಸರಿಮಾಡಿ ಸರಿಯುತ್ತಾಳೆ. ತಲೆ ಹಿಡಿದವನು ಮಾತ್ರ ಉಳಿಯುತ್ತಾನೆ. ಡಬ್ಬಿಯ ತಾಳ ನಿಂತಿದೆ. ಅವನ ಉಸಿರಿನ ಜೊತೆ ಕಾಗದದ ಎದೆ ಏಳುತ್ತಿದೆ, ಇಳಿಯುತ್ತಿದೆ. ನಾಲ್ಕು ಉಸಿರು ಎಣಿಸಿ. ಐದನೆಯದು ಒಳಗೆ ಹೋಗುತ್ತಿರುವಾಗ ದೀಪ ಆರಿಸಿ, ಹೊರಗೆ ಬರುವಾಗ ಅಲ್ಲ.